ಪಾಲಾಗದೆ ಉಳಿದದ್ದು

(ತುಳುನಾಡಿನ ಒಂದು ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ದೈವಗಳಿಗೆ ಸಲ್ಲಿಸುವ ವರ್ಷಾವಧಿ ತಂಬಿಲ ಸೇವೆಯ ದಿನ ಸೇರಿದ ಕುಟುಂಬಸ್ಥರ ಎದುರು ಆಡಿದ ಮಾತು. ಬರಹಕ್ಕೆ ಇಳಿಸುವಾಗ ಮನೆಯ ಹೆಸರು, ಜನರ ಹೆಸರು ಬಿಟ್ಟಿದ್ದೇನೆ.)

ಚಾವಡಿಯಲ್ಲಿ ಕುಳಿತ ಹಿರಿಯರೇ, ಅಂಗಳದ ಶಾಮಿಯಾನದ ಕೆಳಗೆ ಈ ಮೇ ತಿಂಗಳ ಸೆಕೆ ತಾಳಿಕೊಂಡು ಕುಳಿತವರೇ, ಅಡುಗೆಯ ಹತ್ತಿರ ನಿಂತು ಒಂದು ಕಿವಿ ಮಾತ್ರ ಇತ್ತ ಇಟ್ಟಿರುವ ಅಮ್ಮಂದಿರೇ,

ನನ್ನನ್ನು ಕರೆಯಬೇಕೆಂದು ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಕುಟುಂಬ ಒಟ್ಟಾದ ದಿನ ಭಾಷಣಕ್ಕೆ ಪಾಲಿನ ವಕೀಲನನ್ನು ಕರೆಯುವುದೆಂದರೆ ಕಣಜದ ಕಾವಲಿಗೆ ಇಲಿಯನ್ನು ಕೂರಿಸಿದ ಹಾಗೆ. ನಲವತ್ತು ವರ್ಷ ಕರಾವಳಿಯ ಕೋರ್ಟುಗಳಲ್ಲಿ ನಾನು ಮಾಡಿದ್ದು ಇಂಥ ಮನೆಗಳನ್ನು ಒಡೆಯುವ ಕೆಲಸ. ಒಂದು ಕುಟುಂಬ ಏಳು ಕವರು, ಅಂದರೆ ಏಳು ಕವಲು, ಆಗಿ, ಏಳು ಕವರು ಇಪ್ಪತ್ತು ಮನೆಯಾಗಿ, ಇಪ್ಪತ್ತು ಮನೆಯವರು ಒಬ್ಬರ ಮುಖ ಒಬ್ಬರು ನೋಡದ ಹಾಗಾಗುವವರೆಗೆ ಫೀಸು ತೆಗೆದುಕೊಂಡವನು ನಾನು. ಈ ಮನೆಯ ದಾವೆಯಲ್ಲೂ ವಾದಿಯ ಪರ ನಾನೇ ಇದ್ದೆ. 1983ರಲ್ಲಿ ಹೂಡಿದ್ದು, ಫೈನಲ್ ಡಿಕ್ರಿ ಆಗುವಾಗ 1996. ಹದಿಮೂರು ವರ್ಷ. ನನ್ನ ಎಡಗಡೆ ಕುಳಿತವರಲ್ಲಿ ಹೆಚ್ಚಿನವರು ಪ್ರತಿವಾದಿಗಳ ಮಕ್ಕಳು ಎಂದು ಮುಖ ನೋಡಿಯೇ ಹೇಳಬಲ್ಲೆ. ಹೆದರಬೇಡಿ, ಆ ಫೈಲಿನ ವಿಷಯ ಎತ್ತಬಹುದಾ ಎಂದು ಎರಡೂ ಕಡೆಯವರನ್ನು ಕೇಳಿಯೇ ಇಲ್ಲಿ ನಿಂತಿದ್ದೇನೆ.

ಬೆಳಿಗ್ಗೆ ಹೆಬ್ಬಾಗಿಲು ದಾಟುವಾಗ ನಿಮ್ಮ ವಂಶವೃಕ್ಷದ ಫ್ಲೆಕ್ಸ್ ನೋಡಿದೆ. ಹನ್ನೆರಡು ಅಡಿ ಉದ್ದ ಉಂಟು. ಮೇಲೆ ಮೂಲ ಅಜ್ಜಿಯ ಹೆಸರು, ಕೆಳಗೆ ಹಸಿರು ಎಲೆಗಳ ಹಾಗೆ ನೀವೆಲ್ಲ. ಅದರ ಎದುರು ಎಳೆಯರು ಸೆಲ್ಫಿ ತೆಗೆಯುತ್ತಿದ್ದರು. "ನಮ್ಮ ಹಿರಿಯರು ಬರೆದಿಟ್ಟದ್ದು ಸಾರ್" ಎಂದು ಒಬ್ಬ ಹುಡುಗ ಹೆಮ್ಮೆಯಿಂದ ಹೇಳಿದ. ಹತ್ತಿರ ಹೋಗಿ ಓದಿದೆ. ಎರಡನೇ ಸಾಲಿನಲ್ಲಿ ಒಂದು ಹೆಸರಿನ ಕಾಗುಣಿತ ತಪ್ಪಿತ್ತು. ಆ ತಪ್ಪು ನನ್ನದು. ನನ್ನ ಟೈಪಿಸ್ಟ್ ಮಾಡಿದ್ದು, ನಾನು ತಿದ್ದದೆ ಸಹಿ ಹಾಕಿದ್ದು. ಮಾರಾಯರೇ, ಆ ಮರ ನಿಮ್ಮ ಹಿರಿಯರು ನೆಟ್ಟದ್ದಲ್ಲ. ಅದು ಪ್ಲೈಂಟಿನ, ಅಂದರೆ ದಾವೆ ಅರ್ಜಿಯ, ಜೊತೆ ನಾನು ಲಗತ್ತಿಸಿದ ವಂಶಾವಳಿ.

ನಗಬೇಡಿ, ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಕರಾವಳಿಯಲ್ಲಿ ಈಗ ಹೆಮ್ಮೆಯಿಂದ ತೂಗುಹಾಕುವ ವಂಶವೃಕ್ಷಗಳಲ್ಲಿ ಹಲವು ಕೋರ್ಟಿನ ಕಟ್ಟುಗಳಿಂದ ಎದ್ದು ಬಂದವು ಎಂಬುದು ನನ್ನ ಅನುಭವ. ಕಾರಣ ಸರಳ. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದಾಗ ಯಾರು ಯಾರ ಮಗಳು ಎಂದು ಬರೆದಿಡುವ ಅಗತ್ಯ ಯಾರಿಗಿತ್ತು? ಅಜ್ಜಿಗೆ ಬಾಯಲ್ಲಿತ್ತು. ಬರೆಯುವ ಅಗತ್ಯ ಬಿದ್ದದ್ದು ಒಡೆಯುವಾಗ. ದಾವೆ ಹೂಡುವಾಗ ನಾವು ಮೊದಲು ಕೇಳುವುದು ಅದನ್ನೇ: "ಮೂಲ ಹೆಂಗಸು ಯಾರು? ಅವಳಿಗೆ ಹೆಣ್ಣುಮಕ್ಕಳು ಎಷ್ಟು?" ಕಕ್ಷಿಗಾರ ಮನೆಗೆ ಹೋಗಿ, ಹಾಸಿಗೆ ಹಿಡಿದ ಅಜ್ಜಿಯ ಹತ್ತಿರ ಕುಳಿತು, ಹಳೆ ಲೆಕ್ಕಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬರುತ್ತಿದ್ದ. ಪಾಲು ಕೇಳಲಿಕ್ಕೆ ಬರೆದದ್ದು ಹಾಗೇ ಬರೆಯಲ್ಪಡುತ್ತದೆ. ಪಾಲಿಗೆ ಬೇಕಾದವರು ಮಾತ್ರ ಅದರಲ್ಲಿರುತ್ತಾರೆ.

ಇನ್ನೊಂದು ಸಂಗತಿ ಫ್ಲೆಕ್ಸ್ ನೋಡಿದ ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಿಮ್ಮಲ್ಲಿ ಮದುವೆಯಾಗಿ ಬಂದ ಘಟ್ಟದ ಮೇಲಿನ ಅಳಿಯ ಒಬ್ಬರು ನನ್ನನ್ನೇ ಕೇಳಿದರು: "ಇದರಲ್ಲಿ ಗಂಡಸರ ಹೆಸರಿನ ಕೆಳಗೆ ಗೆರೆಯೇ ಇಲ್ಲವಲ್ಲ, ಯಾರಿಗೂ ಮಕ್ಕಳಾಗಲಿಲ್ಲವಾ?" ಮಕ್ಕಳಾಗಿವೆ, ಬೇಕಾದಷ್ಟು. ಆದರೆ ಅವರು ಈ ಮರದಲ್ಲಿಲ್ಲ, ತಮ್ಮ ತಾಯಿಯ ಮರದಲ್ಲಿದ್ದಾರೆ. ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ, ಇಲ್ಲಿನ ಜೈನರಲ್ಲಿ ನಡೆದು ಬಂದ ಅಳಿಯಸಂತಾನ ಎಂದರೆ ಇದೇ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಗಂಡಸು ಆ ಮರದ ಎಲೆ, ಕೊಂಬೆಯಲ್ಲ. ಅವನಿಂದ ಮುಂದೆ ಏನೂ ಚಿಗುರುವುದಿಲ್ಲ. ಅವನ ಸ್ವತ್ತು ಹೋಗುತ್ತಿದ್ದದ್ದು ಅಕ್ಕತಂಗಿಯರ ಮಕ್ಕಳಿಗೆ.

ಹಾಗಾಗಿಯೇ ಇಲ್ಲಿ ಒಂದೇ ಕುಟುಂಬದವರೆಂದು ಕುಳಿತಿರುವ ನಿಮ್ಮಲ್ಲಿ ಶೆಟ್ಟಿ ಇದ್ದಾರೆ, ರೈ ಇದ್ದಾರೆ, ಆಳ್ವ ಇದ್ದಾರೆ, ಹೆಗ್ಡೆ ಇದ್ದಾರೆ. ಹೆಸರಿನ ಬಾಲ ಅಪ್ಪನದ್ದು, ಬೇರು ಅಮ್ಮನದ್ದು. ಬೆಂಗಳೂರಿನ ಆಫೀಸಿನಲ್ಲಿ "ನಾವಿಬ್ಬರೂ ಒಂದೇ ಕುಟುಂಬ" ಎಂದು ಒಬ್ಬ ರೈ, ಒಬ್ಬ ಶೆಟ್ಟಿ ಹೇಳಿದರೆ ಅಲ್ಲಿಯವರಿಗೆ ತಮಾಷೆಯಾಗಿ ಕಾಣುತ್ತದೆ. ಬಿಲ್ಲವ, ಮೊಗವೀರರಲ್ಲಿ ಇದು ಇನ್ನೂ ಸಿಕ್ಕುಸಿಕ್ಕು. ಅಮೀನ್, ಕೋಟ್ಯಾನ್, ಸಾಲ್ಯಾನ್, ಬಂಗೇರ, ಕರ್ಕೇರ, ಇವೆಲ್ಲ 'ಬರಿ'ಯ, ಅಂದರೆ ಗೋತ್ರದ ಹಾಗಿರುವ ಬಳಿಯ, ಹೆಸರುಗಳು. ಬರಿ ತಾಯಿಯಿಂದ ಬರಬೇಕಾದದ್ದು. ಆದರೆ ಶಾಲೆಗೆ ಸೇರಿಸುವಾಗ ಅಪ್ಪನ ಸರ್‌ನೇಮ್ ಬರೆಸಿ, ಈಗ ಅಪ್ಪನ ಬರಿಯೇ ಮಗುವಿನ ಹೆಸರಿಗೆ ಅಂಟಿಕೊಂಡಿದೆ. ಮದುವೆಯ ಮಾತುಕತೆಯಲ್ಲಿ "ಹುಡುಗ ಕೋಟ್ಯಾನ್" ಎಂದರೆ ಹಿರಿಯರು "ಅದು ಅಪ್ಪನದ್ದಾ, ಅಮ್ಮನದ್ದಾ?" ಎಂದು ಇನ್ನೊಮ್ಮೆ ಕೇಳಬೇಕಾಗುತ್ತದೆ.

ಹೆಮ್ಮೆಯ ವಿಷಯಕ್ಕೆ ಬರೋಣ. ನಿಮ್ಮ ಆಮಂತ್ರಣದಲ್ಲಿ ಭೂತಾಳ ಪಾಂಡ್ಯನ ಕಾಲದಿಂದ ಬಂದ ಮನೆತನ ಎಂದು ಅಚ್ಚು ಹಾಕಿಸಿದ್ದೀರಿ. ಕಥೆ ಎಲ್ಲರಿಗೂ ಗೊತ್ತು. ಕುಂಡೋದರ ಎಂಬ ಭೂತ ಆ ರಾಜನಲ್ಲಿ ಬಲಿ ಕೇಳಿತು, ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಮುಂದೆ ತಂದು ನಿಲ್ಲಿಸಿದಳು, ಅಂದಿನಿಂದ ಪಟ್ಟ ಅಳಿಯನಿಗೆ. ಕಥೆ ಚೆಂದ ಉಂಟು. ಆದರೆ ಅಳಿಯಕಟ್ಟು ಎಂದು ಓಡಾಡುವ ಆ ಬರಹ ಹೇಳಿಕೊಳ್ಳುವಷ್ಟು ಹಳತಲ್ಲ ಎಂಬ ಸಂಶಯ 19ನೇ ಶತಮಾನದಲ್ಲೇ ಕೋರ್ಟಿನವರಿಗೂ ಪಂಡಿತರಿಗೂ ಇತ್ತು. ನನಗೆ ಕೇಳಿದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಉಳ್ಳಾಲದ ಅಬ್ಬಕ್ಕ ಸಾಕು. ಅಲ್ಲಿ ಆಳಿದ ಚೌಟ ಅರಸರಲ್ಲಿ ಪಟ್ಟ ಮಾವನಿಂದ ಸೊಸೆಗೆ ಬಂತು, ಈ ಕಟ್ಟಿನಿಂದಲೇ ಬಂತು. ಅವಳು ಪೋರ್ಚುಗೀಸರ ಎದುರು ನಿಂತದ್ದು ನಿಮ್ಮ ಮಕ್ಕಳಿಗೂ ಪಾಠದಲ್ಲಿ ಉಂಟು. ಪಾಠದಲ್ಲಿ ಇಲ್ಲದ್ದು ಒಂದು ಹೇಳುತ್ತೇನೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಸೀಮೆಗೆ ಬಂದಾಗ ಉಳ್ಳಾಲದ ರಾಣಿಯನ್ನು ಕಂಡ. ಅರಮನೆಯಲ್ಲಲ್ಲ, ದಾರಿಯಲ್ಲಿ. ನೀರಿನ ಕಾಲುವೆ ತೋಡುವ ಕೆಲಸ ನೋಡಲಿಕ್ಕೆ ಅವಳು ಬರಿಗಾಲಲ್ಲಿ ನಡೆದು ಹೊರಟಿದ್ದಳು. ರಾಣಿಗಿಂತ ಅಡುಗೆಯವಳ ಹಾಗೆ ಕಂಡಳು, ಮಾತಾಡಿದ ಮೇಲೆ ಮಾತ್ರ ದೊಡ್ಡ ಮನೆತನದವಳೆಂದು ತಿಳಿಯಿತು ಎಂಬರ್ಥದಲ್ಲಿ ಆತ ಬರೆದ. ಗುತ್ತಿನ ಮನೆಯವರು ನಾವು ಎಂದು ಎದೆ ಉಬ್ಬಿಸುವವರಿಗೆ ಆ ಕಾಲುವೆಯ ನೆನಪಿರಲಿ ಎಂದು ನನ್ನ ಆಸೆ.

ತಾಯಿಯ ಮರ ಎಂದ ಮಾತ್ರಕ್ಕೆ ತಾಯಂದಿರ ಆಳ್ವಿಕೆ ಎಂದುಕೊಳ್ಳಬೇಡಿ. ಹಿರಿಯ ಹೆಂಗಸು ಯಜಮಾನ್ತಿಯಾಗಿ ಮನೆ ನಡೆಸಿದ್ದಕ್ಕೆ ಕೋರ್ಟಿನ ಕಾಗದಗಳಲ್ಲಿ ಸಾಕ್ಷ್ಯ ಉಂಟು, ನಿಜ. ಆದರೆ ಸಾಮಾನ್ಯವಾಗಿ ಬೀಗದ ಕೈ ಮಾವನ ಸೊಂಟದಲ್ಲಿ. ಹೆಣ್ಣಿನ ಮೂಲಕ ಬಂದ ಆಸ್ತಿ, ಗಂಡಿನ ಕೈಯ ಯಜಮಾನಿಕೆ. ಮತ್ತೆ ಮದುವೆಯಾದ ಹೆಂಗಸು ಇರುತ್ತಿದ್ದದ್ದು ಗಂಡನ ಕಡೆ, ಅವನ ತಾಯಿಯ ಮನೆಯಲ್ಲಿ. ಅಲ್ಲಿ ಇಪ್ಪತ್ತು, ಮೂವತ್ತು ವರ್ಷ ಬತ್ತ ಕುಟ್ಟಿ, ಕೊಟ್ಟಿಗೆ ಸವರಿ, ಮಕ್ಕಳನ್ನು ಹೆತ್ತು ದೊಡ್ಡ ಮಾಡಿದ ಮೇಲೆ ಗಂಡ ತೀರಿಕೊಂಡರೆ? ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ಮಕ್ಕಳ ಕೈ ಹಿಡಿದು ತವರಿಗೆ ಹೊರಡಬೇಕು. ಆ ಮನೆಯಲ್ಲಿ ಅವಳೂ ಮಕ್ಕಳೂ ನಂಟರು. ಇತ್ತ ತವರಿನಲ್ಲಿ ಅವಳಿಗೆ ಹಕ್ಕು ಉಂಟು, ಆದರೆ ಅವಳು ಬಿಟ್ಟುಹೋದ ಕೋಣೆಯಲ್ಲಿ ತಮ್ಮನ ಹೆಂಡತಿ ಮಲಗುತ್ತಿದ್ದಾಳೆ. ಇಂಥ ಹೆಂಗಸರನ್ನು ನಾನು ಸಾಕ್ಷಿಕಟ್ಟೆಯಲ್ಲಿ ನೋಡಿದ್ದೇನೆ. ವಿಳಾಸ ಕೇಳಿದಾಗ ಒಂದು ಕ್ಷಣ ಸುಮ್ಮನಾಗುತ್ತಿದ್ದರು.

ಈಗ ಸ್ವಲ್ಪ ಕಾನೂನು ಹೇಳುತ್ತೇನೆ, ನನ್ನ ಚಟ. ಒಂದು ಕಾಲದಲ್ಲಿ ಈ ಕುಟುಂಬಗಳನ್ನು ಒಡೆಯಲಿಕ್ಕೇ ಆಗುತ್ತಿರಲಿಲ್ಲ. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಬೇಕೆಂದ ಮಾತ್ರಕ್ಕೆ ಪಾಲು ಮಾಡಿಸಲಿಕ್ಕಾಗದು ಎಂದು 1863ರಲ್ಲಿ ಮದ್ರಾಸು ಹೈಕೋರ್ಟು ಹೇಳಿತು. ಎಲ್ಲರೂ ಒಪ್ಪಬೇಕು. ಎಲ್ಲರೂ ಒಪ್ಪುವ ಕುಟುಂಬ ಯಾವುದು? ಹಾಗಾಗಿ ಜಗಳವಾದರೂ ಒಂದೇ ಸೂರು. ಆಮೇಲೆ 1949ರಲ್ಲಿ ಮದ್ರಾಸು ಅಳಿಯಸಂತಾನ ಕಾಯಿದೆ ಬಂತು. ಆಗ ನಾವಿನ್ನೂ ಮದ್ರಾಸಿನವರು, ಮೈಸೂರಿಗೆ ಸೇರಿದ್ದು 1956ರಲ್ಲಿ. ಆ ಕಾಯಿದೆಯಿಂದ ಕವರು ಪಾಲು ಕೇಳಬಹುದು ಎಂದಾಯಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಸಾಲಿನಲ್ಲಿ ಅವಳಿಂದ ಇಳಿದವರು. ಆದರೆ ಕಾಯಿದೆ ಬರೆದವರು ಒಂದು ಗೆರೆ ಎಳೆದರು. ಕವರಿನಲ್ಲಿ ಐವತ್ತು ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ಸಿಗುವುದು ಬದುಕಿರುವಷ್ಟು ದಿನ ಉಣ್ಣುವ ಹಕ್ಕು ಮಾತ್ರ.

ಇದರ ಬಗ್ಗೆ ನನ್ನ ಸೀನಿಯರ್ ಒಂದು ಕಥೆ ಹೇಳುತ್ತಿದ್ದರು. 1956ರ ಸುಮಾರಿನ ದಾವೆ. ಇಡೀ ಕವರಿನಲ್ಲಿ ಒಬ್ಬಳೇ ಹೆಂಗಸು, ಮದುವೆಯಾಗಿ ಮಕ್ಕಳಿಲ್ಲದವಳು, ಉಳಿದವರು ಅಣ್ಣತಮ್ಮಂದಿರು. ಅವಳಿಗೆ ಐವತ್ತು ತುಂಬಿದೆಯೋ ಇಲ್ಲವೋ, ಇಡೀ ದಾವೆ ಅದರ ಮೇಲೆ ನಿಂತಿತು. ಜನನ ಪತ್ರ ಎಲ್ಲಿಂದ ಬರಬೇಕು? ಸಾಕ್ಷಿ ನುಡಿಯಲಿಕ್ಕೆ ಹಲ್ಲಿಲ್ಲದ ಮುದುಕರು ಬಂದರು. "ಮಂಗಳೂರಿಗೆ ರೈಲು ಬಂದ ವರ್ಷ ಇವಳು ತೊಟ್ಟಿಲಲ್ಲಿದ್ದಳು" ಎಂದು ಒಬ್ಬರು. "ಅಲ್ಲ, ರೈಲು ನೋಡಲಿಕ್ಕೆ ನನ್ನ ಹೆಗಲ ಮೇಲೆ ಕುಳಿತು ಬಂದಿದ್ದಳು, ಹೊಗೆ ನೋಡಿ ಅತ್ತಳು" ಎಂದು ಇನ್ನೊಬ್ಬರು. ರೈಲು ಬಂದದ್ದು 1907ರಲ್ಲಿ. ತೊಟ್ಟಿಲಲ್ಲಿದ್ದರೆ ನಲವತ್ತೊಂಬತ್ತು, ಹೆಗಲ ಮೇಲಿದ್ದರೆ ಐವತ್ತು ದಾಟಿತು. ತೊಟ್ಟಿಲಿಗೂ ಹೆಗಲಿಗೂ ನಡುವೆ ಹದಿನೆಂಟು ಮುಡಿ ಗದ್ದೆ. ಅವಳು ಕೋರ್ಟಿನ ಹೊರಗೆ ಬೆಂಚಿನಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳಂತೆ. ತನ್ನ ಪ್ರಾಯ ಎಷ್ಟೆಂದು ಅವಳನ್ನು ಮಾತ್ರ ಯಾರೂ ನಂಬಿ ಕೇಳಲಿಲ್ಲವಂತೆ. ಯಾರು ಗೆದ್ದರೆಂದು ಸೀನಿಯರ್ ಪ್ರತಿ ಸಲ ಬೇರೆ ಬೇರೆ ಹೇಳುತ್ತಿದ್ದರು, ಅದಕ್ಕಾಗಿ ನಾನು ಹೇಳುವುದಿಲ್ಲ.

1956ರ ಹಿಂದೂ ವಾರಸು ಕಾಯಿದೆಯದ್ದು ಚುಟುಕಾಗಿ ಮುಗಿಸುತ್ತೇನೆ. ಗಂಡಸಿನ ಪಾಲು ಅವನ ನಂತರ ಹೆಂಡತಿ ಮಕ್ಕಳಿಗೆ ಎಂದಾಯಿತು. ಎಲೆ ಕೂಡ ಕೊಂಬೆಯಾಗತೊಡಗಿತು. ಅಷ್ಟೆ.

ಆದರೆ ಈ ಚಾವಡಿಯನ್ನು ಖಾಲಿ ಮಾಡಿದ್ದು ನನ್ನಂಥ ವಕೀಲರೂ ಅಲ್ಲ, ಆ ಕಾಯಿದೆಯೂ ಅಲ್ಲ. ಅದು ಡಿಕ್ಲರೇಶನ್, ಅಂದರೆ ಭೂಸುಧಾರಣೆ. ಪ್ರಾಯದವರು ಆ ಶಬ್ದ ಕೇಳಿದ ಕೂಡಲೇ ನೆಟ್ಟಗೆ ಕುಳಿತದ್ದು ಕಂಡಿತು! 1974ರ ಮಾರ್ಚ್ 1. ದೇವರಾಜ ಅರಸರ ಕಾಲ. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರಕ್ಕೆ ಸೇರಿತು, ಉಳುವವನು ಫಾರಂ ನಂಬ್ರ 7 ತುಂಬಿಸಿ ಕೊಟ್ಟರೆ ಟ್ರಿಬ್ಯೂನಲ್ ವಿಚಾರಣೆ ಮಾಡಿ ಅವನ ಹೆಸರಿಗೆ. ಅರ್ಜಿ ಕೊಡುವ ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಮೂಲಗೇಣಿ, ಚಾಲಗೇಣಿ ಎಂದು ಒಕ್ಕಲುಗಳ ಮೇಲೆಯೇ ನಿಂತಿದ್ದ ಊರು ನಮ್ಮದು, ಇಲ್ಲಿ ಬಿದ್ದ ಹೊಡೆತ ದೊಡ್ಡದೇ. ಟ್ರಿಬ್ಯೂನಲಿನ ಒಳಗೆ ಆಗ ವಕೀಲರಿಗೆ ಪ್ರವೇಶವೂ ಇರಲಿಲ್ಲ. ಧಣಿ ಕೈಕಟ್ಟಿ ನಿಂತು, ಒಕ್ಕಲು ಬಾಯಿ ಬಿಟ್ಟು ಮಾತಾಡುವ ದೃಶ್ಯ ಮೊದಲ ಸಲ ಕಂಡದ್ದು ಅಲ್ಲಿ, ಕಿಟಕಿಯ ಹೊರಗೆ ನಿಂತು. ಆ ಕಾನೂನು ಸರಿ ಎಂದೇ ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ನನ್ನ ತಾಯಿಯ ಮನೆಯದ್ದೂ ಹೋಯಿತು, ಹೇಳಿದ್ದಕ್ಕೆ ಮಾವ ಎರಡು ವರ್ಷ ಮಾತು ಬಿಟ್ಟರು.

ಗೇಣಿ ಅಕ್ಕಿ ಬಾರದ ಮೇಲೆ ಇಂಥ ಮನೆ ನಡೆಯುವುದು ಹೇಗೆ? ಮಾಡಿನ ಹಂಚು ತಿರುಗಿಸಲಿಕ್ಕೆ ದುಡ್ಡಿಲ್ಲ. ಹುಡುಗರು ಮುಂಬಯಿಗೆ ಹೋದರು, ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿಶಾಲೆ ಕಲಿತರು, ಮುಂದೆ ಗಲ್ಫಿಗೂ ಹೋದರು. ಎಷ್ಟೋ ಮನೆಗಳ ಹಲಸಿನ ಮರದ ಚಿತ್ತಾರದ ಕಂಬ, ದಾರಂದ, ಮುಚ್ಚಿಗೆ ಕಟ್ಟಿಗೆಯ ರೇಟಿಗೆ ಹೋದವು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬ ಬ್ಯಾಂಕ್ ನೌಕರರು ಅಂಥದ್ದನ್ನು ಹುಡುಕಿ ತಂದು, ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸದಿದ್ದರೆ ಇವತ್ತು ನೋಡಲಿಕ್ಕೂ ಸಿಗುತ್ತಿರಲಿಲ್ಲ.

ಈ ಮನೆ ಬಾಗಿಲು ಹಾಕಿದ್ದು 1978ರಲ್ಲಿ. ಮತ್ತೆ ನೀವು ಬಂದು ಬಾಗಿಲು ತೆಗೆದದ್ದು 1999ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ದಾವೆಯಲ್ಲಿ ಕೋರ್ಟು ನೇಮಿಸಿದ ಕಮಿಷನರ್ ಜೊತೆ ನಾನು ಅಳತೆಗೆ ಬಂದದ್ದು ಆ ನಡುವಿನಲ್ಲೇ. ಅಂಗಳದಲ್ಲಿ ಸೊಂಟದೆತ್ತರ ಹುಲ್ಲು. ಚಾವಡಿಯ ಬಾಗಿಲು ದೂಡಿದರೆ ಬಾವಲಿಯ ವಾಸನೆ. ಆದರೆ ದೈವದ ಉಯ್ಯಾಲೆಯ ಕೆಳಗೆ ನೆಲ ಗುಡಿಸಿತ್ತು. ಹಣತೆಯಲ್ಲಿ ಎಣ್ಣೆಯ ಪಸೆ ಇತ್ತು. ಕಮಿಷನರ್ ಕೇಳಿದರು, "ಇಲ್ಲಿ ಯಾರು ಇದ್ದಾರೆ?" ವಾದಿ, ಪ್ರತಿವಾದಿ ಇಬ್ಬರೂ ಒಟ್ಟಿಗೆ "ಯಾರೂ ಇಲ್ಲ" ಎಂದರು. ಹದಿಮೂರು ವರ್ಷದ ದಾವೆಯಲ್ಲಿ ಅವರಿಬ್ಬರು ಒಂದೇ ಮಾತು ಹೇಳಿದ್ದು ಅದೊಂದೇ ಸಲ.

ಯಾರೂ ಇಲ್ಲ ಎಂದವರಿಗೆಲ್ಲ ಗೊತ್ತಿತ್ತು. ಕೆಳಗಿನ ಗದ್ದೆಯನ್ನು ಡಿಕ್ಲರೇಶನಿನಲ್ಲಿ ಪಡೆದವರು, ನಿಮ್ಮ ಮಾತಿನಲ್ಲಿ "ನಮ್ಮ ಭೂಮಿ ತಿಂದವರು", ಸಂಕ್ರಮಣಕ್ಕೆ ಸಂಕ್ರಮಣಕ್ಕೆ ಬಂದು ದೀಪ ಇಡುತ್ತಿದ್ದರು. ಇಪ್ಪತ್ತೊಂದು ವರ್ಷಕ್ಕೆ ಇನ್ನೂರ ಐವತ್ತೆರಡು ಸಂಕ್ರಮಣ. ಒಮ್ಮೆ ಕೇಳಿದೆ, ಏಕೆ ಎಂದು. "ಭೂಮಿ ಸರಕಾರ ಕೊಟ್ಟಿತು, ದೈವವನ್ನು ಸರಕಾರ ಕೊಡಲಿಲ್ಲವಲ್ಲ, ಅದು ಮೊದಲೇ ಇತ್ತು" ಎಂದರು. ಹೆದರಿಕೆ ಇರಬಹುದು, ಭಕ್ತಿ ಇರಬಹುದು, ಹಳೆ ಅಭ್ಯಾಸ ಇರಬಹುದು. ನನಗೆ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿತ್ತೆಂದು ಕಾಣುವುದಿಲ್ಲ. ನಾಗಬನ ಇವತ್ತಿಗೂ ಅವರ ಜಾಗದ ಮೂಲೆಯಲ್ಲೇ ಉಂಟು. ಪಂಚಮಿಗೆ ನೀವು ನಾಗನಿಗೆ ಹಾಲಿನ ತನು ಎರೆಯಲು ಹೋಗುವ ದಾರಿ ಸವರಿ ಇಡುವುದು ಅವರ ಸೊಸೆ. ನಿಮ್ಮ ಆಮಂತ್ರಣದಲ್ಲಿ ಅವರ ಮನೆಯವರು "ಊರ ಹತ್ತು ಸಮಸ್ತರು" ಎಂಬ ಸಾಲಿನೊಳಗೆ ಎಲ್ಲೋ ಇರಬೇಕು. ನಾನು ಹುಡುಕಿದೆ, ಹೆಸರು ಕಾಣಲಿಲ್ಲ.

ನಿಮ್ಮ ಡಿಕ್ರಿಗೆ ಬರುತ್ತೇನೆ. ಎ ಷೆಡ್ಯೂಲಿನಲ್ಲಿ ಉಳಿದ ತೋಟ, ಬಿ ಷೆಡ್ಯೂಲಿನಲ್ಲಿ ಪಾತ್ರೆ ಪಗಡಿ. ಕಡಾಯಿಗಳನ್ನು ಎಣಿಸಿ ಹಂಚಿದೆವು. ಒಂದು ಹಿತ್ತಾಳೆಯ ಕೊಪ್ಪರಿಗೆಗೆ ಎರಡು ವಾಯಿದೆ ಹೋಯಿತು. ಆದರೆ ಚಾವಡಿಯನ್ನು ಹಂಚುವುದು ಹೇಗೆ? ದೈವದ ಮೊಗ, ಕಡ್ಸಲೆ ಕತ್ತಿ, ಗಂಟೆ ಹಂಚುವುದು ಹೇಗೆ? ಅರ್ಧ ಉಯ್ಯಾಲೆ ಒಬ್ಬರಿಗೆ, ಅರ್ಧ ಇನ್ನೊಬ್ಬರಿಗೆ ಎಂದು ಯಾವ ಮುನ್ಸಿಫರು ಬರೆಯುತ್ತಾರೆ? ಹಳೆಯ ಪಾಲುಪಟ್ಟಿಗಳಲ್ಲೂ ಇದೇ ಕ್ರಮ. ಎಲ್ಲ ಹಂಚಿದ ಮೇಲೆ ಕೊನೆಗೆ ಒಂದು ಕಲಮು: ಧರ್ಮದೈವಗಳ ವಿನಿಯೋಗಕ್ಕೆ ಇಂತಿಷ್ಟು ಗದ್ದೆ, ಚಾವಡಿ, ನಾಗಬನ, ಇವು ಪಾಲಿಲ್ಲದೆ ಸರ್ವರಿಗೂ ಸೇರಿದ್ದು. ಟೈಪ್ ಮಾಡುವಾಗ ನಾವು ಅದನ್ನು ಕಣ್ಣು ಮುಚ್ಚಿ ಹಾಕುತ್ತಿದ್ದೆವು. ಫೀಸು ಬರುವ ಕಲಮು ಅಲ್ಲ ಅದು. ಇವತ್ತು ನೀವು ಇಲ್ಲಿ ಕುಳಿತಿರುವುದು ಆ ಕಲಮಿನ ಮೇಲೆ.

ನೆನಪಿನಿಂದ, ಪ್ರೀತಿಯಿಂದ ಮತ್ತೆ ಬಂದಿರಿ ಎಂದು ಸ್ವಾಗತ ಭಾಷಣದಲ್ಲಿ ಹೇಳಿದರು. ಹೌದೆಂದು ತಲೆಯಾಡಿಸಿದೆ, ಆದರೆ ನನಗೆ ಗೊತ್ತಿರುವ ಹಾಗೆ ಮೊದಲು ಬಂದದ್ದು ಹೆದರಿಕೆಯಿಂದ. ಮುಂಬಯಿಯಲ್ಲಿ ಒಬ್ಬರ ಹೋಟೆಲಿಗೆ ಬೆಂಕಿ ಹಿಡಿಯಿತು, ಇನ್ನೊಬ್ಬರ ಮಗಳಿಗೆ ಸಂಬಂಧ ಕೂಡಿ ಬರಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟರೆ "ತರವಾಡಿನ ದೈವಕ್ಕೆ ದೀಪವಿಲ್ಲ, ನಾಗನ ಮೂಲ ಮರೆತಿದ್ದೀರಿ" ಎಂದು ಬಂತು. ಹೀಗೆ ಎಷ್ಟೋ ಕುಟುಂಬಗಳು ತಮ್ಮ ಮೂಲ ಹುಡುಕಿದ್ದು ಕವಡೆಯ ಬೆಳಕಿನಲ್ಲಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದದ್ದೂ ಕಡಿಮೆ ಕಾರಣವಲ್ಲ. ಅಲ್ಲಿಯವರೆಗೆ ಬಸ್ಸಿನಲ್ಲಿ ಘಟ್ಟ ಸುತ್ತಿ ಬರುವಷ್ಟರಲ್ಲಿ ರಜೆಯೇ ಮುಗಿಯುತ್ತಿತ್ತು. ನಿಮ್ಮ ಸೇರುವಿಕೆ ಮೇ ತಿಂಗಳಲ್ಲಿ, ಪತ್ತನಾಜೆಗೆ ಮೊದಲು ಏಕೆ ಎಂದು ಕೇಳಿದರೆ ಹಿರಿಯರು ತುಳು ಬೇಷ ತಿಂಗಳ ಹತ್ತರ, ಅಂದರೆ ಪತ್ತನಾಜೆಯ, ನಂತರ ದೈವದ ನೇಮ ಇಲ್ಲ ಎನ್ನುತ್ತಾರೆ. ಕಿರಿಯರು ಶಾಲೆಗೆ ರಜೆ, ಟಿಕೆಟ್ ಎಷ್ಟೋ ಮೊದಲೇ ಬುಕ್ ಮಾಡಬೇಕು ಎನ್ನುತ್ತಾರೆ. ಎರಡೂ ಸರಿ.

ಹೆದರಿ ಬಂದವರು ಈಗ ಹೆದರದೆಯೂ ಬರುತ್ತಿದ್ದಾರೆ. ಹೇಗೆ ಎಂದರೆ ನನ್ನ ಉತ್ತರ, ಲೆಕ್ಕಪತ್ರದಿಂದ. ಇವತ್ತಿನ ಕಾರ್ಯಕ್ರಮ ಪಟ್ಟಿಯಲ್ಲಿ ಲೆಕ್ಕಪತ್ರ ಮಂಡನೆಗೆ ಹತ್ತು ನಿಮಿಷ ಎಂದಿತ್ತು. ನಾನು ಗಡಿಯಾರ ನೋಡಿದ್ದೇನೆ, ಒಂದೂಕಾಲು ಗಂಟೆ. ವಂತಿಗೆ ಗಂಡಸರಿಂದ ಮಾತ್ರವಾ, ಸಂಬಳ ತರುವ ಹೆಂಗಸರಿಂದಲೂ ಉಂಟಾ? ಸೌದಿಯಲ್ಲಿದ್ದವರಿಗೂ ಊರಲ್ಲಿ ಬೀಡಿ ಕಟ್ಟುವವರಿಗೂ ಒಂದೇ ಮೊತ್ತವಾ? ಶಾಮಿಯಾನದ ಬಿಲ್ಲು ಹೋದ ವರ್ಷಕ್ಕಿಂತ ಏಕೆ ಹೆಚ್ಚು? ಜಗಳವಾಯಿತು, ಒಬ್ಬರು ಎದ್ದು ಹೋದರು, ಬೀಡ ಹಾಕಿಕೊಂಡು ಮತ್ತೆ ಬಂದು ಕುಳಿತರು. ಕೋರ್ಟಿನಲ್ಲಿ ಎದ್ದು ಹೋದವರು ಹಾಗೆ ಮತ್ತೆ ಬರುತ್ತಿರಲಿಲ್ಲ. ಮತ್ತೆ ಟ್ರಸ್ಟಿನ ಅಧ್ಯಕ್ಷರು ದೊಡ್ಡವರೋ, ಗಡಿ, ಅಂದರೆ ಮನೆಯ ಪಟ್ಟ, ಹಿಡಿದ ಯಜಮಾನರು ದೊಡ್ಡವರೋ ಎಂಬುದು. ಟ್ರಸ್ಟ್ ಡೀಡು ಬರೆದವನಾಗಿ ಹೇಳುತ್ತೇನೆ, ಚೆಕ್ಕಿಗೆ ಸಹಿ ಅಧ್ಯಕ್ಷರದ್ದು. ನೇಮದ ದಿನ ಮೊದಲ ಗಂಧಪ್ರಸಾದ ಯಾರಿಗೆ ಎಂಬುದನ್ನು ಡೀಡಿನಲ್ಲಿ ಬರೆಯುವ ಧೈರ್ಯ ನನಗಿರಲಿಲ್ಲ. ಅದನ್ನು ದೈವವೇ ನೋಡಿಕೊಳ್ಳಲಿ ಎಂದು ಬಿಟ್ಟಿದ್ದೇನೆ.

ಫ್ಲೆಕ್ಸಿನ ವಿಷಯ ಇನ್ನೂ ಮುಗಿಯಲಿಲ್ಲ. ಬೆಳಿಗ್ಗೆ ಅದರ ಬಲ ಅಂಚಿನಲ್ಲಿ ಬಾಲ್ ಪೆನ್ನಿನಿಂದ ಬರೆದ ಎರಡು ಹೆಸರು ಕಂಡವು. ಓರೆಯಾಗಿ, ಮಕ್ಕಳ ಅಕ್ಷರ. ಒಬ್ಬ ಮಾವನ ಹೆಸರಿನಿಂದ ಕೆಳಗೆ ಎರಡು ಗೆರೆ ಎಳೆದಿತ್ತು. ಆ ಮಾವ ಮುಂಬಯಿಯಲ್ಲಿ ತೀರಿಕೊಂಡವರು. ಮಕ್ಕಳಿಬ್ಬರು ಅಮ್ಮನ ಜೊತೆ ಮೊದಲ ಸಲ ಇಲ್ಲಿಗೆ ಬಂದಿದ್ದಾರೆ. ಕಟ್ಟಿನ ಪ್ರಕಾರ ಅವರು ಈ ಕುಟುಂಬದವರಲ್ಲ, ಅವರ ತರವಾಡು ಕಾರ್ಕಳದ ಆಚೆ ಎಲ್ಲೋ ಉಂಟು. ಒಬ್ಬ ಹಿರಿಯರು ಕಾರ್ಯದರ್ಶಿಗೆ ಅದನ್ನು ಒರೆಸಿ ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಕಾರ್ಯದರ್ಶಿ ಬಟ್ಟೆ ಹುಡುಕಲಿಕ್ಕೆ ಹೋದವರು ಇನ್ನೂ ಬಂದಿಲ್ಲ. ಅವರು ಬರುವ ಮೊದಲು ನನ್ನದೂ ಒಂದು ಹೇಳಿಬಿಡುತ್ತೇನೆ.

ಹೋದ ತಿಂಗಳು ನಿಮ್ಮ ಕುಟುಂಬದ ಅತ್ಯಂತ ಹಿರಿಯ ಅಜ್ಜಿ, ಅಲ್ಲಿ ಕಂಬಕ್ಕೊರಗಿ ಕುಳಿತಿದ್ದಾರೆ, ನನಗೆ ಹೇಳಿಕಳಿಸಿದರು. ಹೋದೆ. ಅಜ್ಜಿ ಮಾತು ಸುತ್ತಲಿಲ್ಲ. "ನೀನು ಬರೆದ ಮರದಲ್ಲಿ ಎರಡನೇ ಮತ್ತು ಮೂರನೇ ಅಕ್ಕನ ನಡುವೆ ಒಬ್ಬಳನ್ನು ಬಿಟ್ಟಿದ್ದೀಯ" ಎಂದರು. ಹದಿನಾರಕ್ಕೆ ಹೆರಿಗೆಯಲ್ಲಿ ಹೋದವಳು. ಮಗುವೂ ಉಳಿಯಲಿಲ್ಲ. ನನಗೆ ನೆನಪಾಯಿತು, ಅಂದೇ ಯಾರೋ ಹೇಳಿದ್ದರು. ಅವಳಿಂದ ಪಾಲಿಗೆ ವ್ಯತ್ಯಾಸವೇನೂ ಬರುವುದಿಲ್ಲವಾದ್ದರಿಂದ ಅವಳ ಗೆರೆ ಎಳೆಯದೆ ಬಿಟ್ಟಿದ್ದೆ. ಸ್ಟೆನ್ಸಿಲಿನಲ್ಲಿ ಜಾಗವೂ ಇರಲಿಲ್ಲ. ಹೆಸರು ಏನು ಎಂದು ಕೇಳಿದೆ. ಅಜ್ಜಿ ಹೇಳಿದರು, ಎರಡು ಸಲ ಹೇಳಿದರು, ನಾನು ಸರಿಯಾಗಿ ಬರೆದುಕೊಂಡೆನಾ ಎಂದು ಓದಿಸಿ ಕೇಳಿದರು.

ಚೀಟಿ ಈ ಕಿಸೆಯಲ್ಲಿ ಉಂಟು. ಆ ಮಕ್ಕಳ ಹತ್ತಿರ ಇರುವ ಪೆನ್ನು ಫ್ಲೆಕ್ಸಿನ ಮೇಲೆ ಬರೆಯುತ್ತದೆ ಎಂದು ಗೊತ್ತಾಗಿದೆ, ಊಟಕ್ಕೆ ಏಳುವ ಮೊದಲು ಒಮ್ಮೆ ಕೊಟ್ಟರೆ ಉಪಕಾರ. ಎಲೆ ಹಾಕಿ ಆಗಿದೆ ಎಂದು ಹಿಂದಿನಿಂದ ಕೈಸನ್ನೆ ಬರುತ್ತಿದೆ. ನಮಸ್ಕಾರ.